ಇಂಚರ ಎಂಬ ಮಗಳು

ನಮ್ಮೂರಿನಲ್ಲಿ ಸುಳ್ಳು ಹೇಳಿದರೆ ಹತ್ತಿರದಲ್ಲಿ ತೆರೆದಿಟ್ಟ ನೀರು ಉಪ್ಪಾಗುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ನಮಗೇನು ಗೊತ್ತು? ನಾವು ಹುಟ್ಟಿದಾಗಿನಿಂದ ಹೀಗೇ ಇದೆ, ಅದಕ್ಕೆ ತಕ್ಕ ಹಾಗೆ ಬದುಕುತ್ತಿದ್ದೇವೆ. ಬಿಂದಿಗೆಗಳಿಗೆಲ್ಲ ಮುಚ್ಚಳ ಹಾಕುತ್ತೇವೆ. ಗಂಡ ಹೆಂಡತಿ ಜಗಳಕ್ಕೆ ನಿಂತರೆ ಮೊದಲು ಯಾರಾದರೂ ಓಡಿಹೋಗಿ ಹಂಡೆ ಮುಚ್ಚುತ್ತಾರೆ. ಚುನಾವಣೆಗೆ ನಿಂತವರು ಗಡಿಕಲ್ಲಿನ ಆಚೆ ಮೈಕು ಕಟ್ಟಿಸಿಕೊಂಡು ಭಾಷಣ ಮಾಡುತ್ತಾರೆ, ನಾವು ಈಚೆ ಕುರ್ಚಿ ಹಾಕಿಕೊಂಡು ಕೇಳುತ್ತೇವೆ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿಗಿಂತ ಮೊದಲು ಒಂದು ತಂಬಿಗೆ ನೀರು ಬರುತ್ತದೆ. ನಾಟಕದ ಮಾತಿಗೆ ಏನೂ ಆಗುವುದಿಲ್ಲ, ಕತೆಗೂ ಆಗುವುದಿಲ್ಲ. ಎದುರಿನವರು ನಂಬಲಿ ಎಂದು ಹೇಳಿದ್ದಕ್ಕೆ ಮಾತ್ರ ಆಗುತ್ತದೆ. ಬರೆದದ್ದಕ್ಕೂ ಆಗುವುದಿಲ್ಲ. ಹಾಗಾಗಿ ಮೊಬೈಲು ಬಂದ ಮೇಲೆ ನಮ್ಮೂರ ಗಂಡಸರು ಊಟದ ತಟ್ಟೆಯ ಮುಂದೆ ಕೂತುಕೊಂಡೇ ಅಡುಗೆಮನೆಗೆ ಮೆಸೇಜು ಕಳಿಸುವುದನ್ನು ಕಲಿತರು: ‘ಸಾರು ತುಂಬಾ ಚೆನ್ನಾಗಿದೆ.’

ನನ್ನ ಹೆಸರು ವಾರಿಜಾ. ವಯಸ್ಸು ಐವತ್ತೊಂದು. ನೋಂದಣಿ ಕಚೇರಿಯಲ್ಲಿ ರುಚಿ ನೋಡುವುದು ನನ್ನ ಕೆಲಸ. ಮನೆ ಮಾರುವವರು, ಪಾಲು ಮಾಡಿಕೊಳ್ಳುವವರು, ದತ್ತು ತೆಗೆದುಕೊಳ್ಳುವವರು ಬಂದು ಒಂದು ಲೋಟ ನೀರಿನ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳುತ್ತಾರೆ. ಆಮೇಲೆ ನಾನು ಒಂದು ಗುಟುಕು ಕುಡಿದು ಸಾಹೇಬರಿಗೆ ಹೇಳುತ್ತೇನೆ. ಉಪ್ಪು ಇದೆಯೋ ಇಲ್ಲವೋ ಎಂದು ಯಾರು ಬೇಕಾದರೂ ಹೇಳಿಯಾರು. ಎಷ್ಟಿದೆ ಎಂದು ಹೇಳಲು ನಾನು ಬೇಕು. ವಯಸ್ಸು ಎರಡು ವರ್ಷ ಕಡಿಮೆ ಹೇಳಿದರೆ ಚಿಟಿಕೆ. ತಮ್ಮನಿಗೆ ಒಪ್ಪಿಗೆಯಿದೆ ಎಂದು ಅಣ್ಣ ಹೇಳಿ, ತಮ್ಮನಿಗೆ ವಿಷಯವೇ ಗೊತ್ತಿಲ್ಲದಿದ್ದರೆ ಒಂದು ಹಿಡಿ. ನಾಲಿಗೆ ಕೆಡಬಾರದೆಂದು ನಾನು ಸಂಜೆಯವರೆಗೆ ಉಪ್ಪಿಲ್ಲದ ಊಟ ಮಾಡುತ್ತೇನೆ, ಇಪ್ಪತ್ತಾರು ವರ್ಷದಿಂದ. ಇಂಥವಳನ್ನು ಯಾರು ಮದುವೆಯಾಗುತ್ತಾರೆ? ಮೂರು ಸಂಬಂಧ ಬಂದವು. ಮೂರನೆಯವನು ಪಾಪ, ಒಳ್ಳೆಯವನೇ. ನಮ್ಮ ಪಡಸಾಲೆಯಲ್ಲಿ ನೀರಿನ ತಂಬಿಗೆಯ ಮುಂದೆಯೇ ಹೇಳಿದ, ‘ನಿಮ್ಮ ಹತ್ರ ದಿನಾ ಮಾತಾಡೋಕೆ ನನಗೆ ಧೈರ್ಯ ಸಾಲಲ್ಲ’ ಅಂತ. ಅವನು ಹೋದ ಮೇಲೆ ರುಚಿ ನೋಡಿದೆ, ಚಿಟಿಕೆಯೂ ಇರಲಿಲ್ಲ.

ಸಂಜೆ ಹೊತ್ತು ಮಾಡುವುದೇನು? ಧಾರಾವಾಹಿ ನೋಡುತ್ತಿದ್ದೆ. ‘ಹದಿಮೂರು ಮನೆ ವಠಾರ’ ಎಂದು ಒಂದು ಬರುತ್ತಿತ್ತು. ವಠಾರದಲ್ಲಿ ಹದಿಮೂರು ಸಂಸಾರ, ಅದರಲ್ಲೊಬ್ಬರು ತಾವು ಹೇಳಿಕೊಂಡವರಲ್ಲ, ಯಾರದೋ ಸೋಗು ಹಾಕಿ ಬಂದವರು. ಅದು ಯಾರೆಂದು ಗೊತ್ತಾಗುವ ವಾರ ವಾಹಿನಿಯೇ ಮುಚ್ಚಿಹೋಯಿತು. ಅಯ್ಯೋ, ಎಂಥ ಅನ್ಯಾಯ! ಎರಡು ದಿನ ನನಗೆ ಅನ್ನ ಸೇರಲಿಲ್ಲ. ನನ್ನಂತೆ ಹೊಟ್ಟೆ ಉರಿದುಕೊಂಡವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿದ್ದಾರೆ ಎಂದು ತಿಳಿದು ನಾನೂ ಸೇರಿದೆ. ನಲವತ್ತು ಜನ, ನಲವತ್ತು ಊರಿನವರು. ಮೊದಲು ಆ ಸೋಗಿನವನು ಯಾರೆಂದು ವಾದ ಮಾಡಿದೆವು. ವಾದ ಮುಗಿಯದೆ ಅದನ್ನೇ ಆಟ ಮಾಡಿಕೊಂಡೆವು.

ಆಟ ಭಾನುವಾರ ಮಧ್ಯಾಹ್ನ ನಡೆಯುತ್ತಿತ್ತು. ಡ್ರಾಯಿಂಗ್ ಮೇಷ್ಟ್ರು ಇಮ್ತಿಯಾಜ್ ವಠಾರದ ಮಾಲೀಕರು. ಅವರು ಪ್ರತಿಯೊಬ್ಬರಿಗೂ ಗುಟ್ಟಾಗಿ ಒಂದು ಚೀಟಿ ಕಳಿಸುತ್ತಿದ್ದರು. ಹೆಚ್ಚಿನವರು ಬಾಡಿಗೆದಾರರು, ಇಬ್ಬರೋ ಮೂವರೋ ಸೋಗಿನವರು. ಎಲ್ಲರೂ ಬರೆದು ಬರೆದು ವಾದ ಮಾಡಿ, ಸೋಗಿನವರೆಂದು ಅನುಮಾನ ಬಂದ ಒಬ್ಬರನ್ನು ಮತ ಹಾಕಿ ಹೊರಗೆ ಕಳಿಸಬೇಕು. ಆಮೇಲೆ ಮಾಲೀಕರು ‘ದೀಪ ಆರಿತು’ ಎನ್ನುತ್ತಾರೆ, ಆಗ ಸೋಗಿನವರು ಒಬ್ಬ ಬಾಡಿಗೆದಾರನನ್ನು ಆಚೆ ತಳ್ಳುತ್ತಾರೆ. ಸೋಗಿನವರೆಲ್ಲ ಸಿಕ್ಕಿಬಿದ್ದರೆ ಬಾಡಿಗೆದಾರರು ಗೆದ್ದ ಹಾಗೆ. ಸೋಗಿನವರಾದವರು ಮಾಡಬೇಕಾದ್ದು ಒಂದೇ, ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದು.

ಮೊದಲ ಸಲ ನನಗೆ ಸೋಗಿನ ಚೀಟಿ ಬಂದಾಗ ‘ನಾನು ಬಾಡಿಗೆದಾರಳು’ ಎಂದು ಎರಡು ಪದ ಟೈಪು ಮಾಡಲು ಐದು ನಿಮಿಷ ಬೇಕಾಯಿತು. ಕಳಿಸಿದವಳೇ ಎದ್ದುಹೋಗಿ ಅಡುಗೆಮನೆಯ ನೀರು ಕುಡಿದು ನೋಡಿದೆ. ಏನೂ ಆಗಿರಲಿಲ್ಲ. ಬಂದು ಇನ್ನೊಂದು ಸುಳ್ಳು ಬರೆದೆ. ಮತ್ತೆ ಹೋಗಿ ನೋಡಿದೆ. ಆ ಮಧ್ಯಾಹ್ನ ಎಷ್ಟು ನೀರು ಕುಡಿದೆನೆಂದರೆ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ದಿನವಿಡೀ ಬೇರೆಯವರ ಸುಳ್ಳು ಅಳೆದು ಅಳೆದು ಬೇಸತ್ತವಳಿಗೆ ಅದು ಎಂಥ ಖುಷಿ ಎಂದು ನಿಮಗೆ ಹೇಗೆ ಹೇಳಲಿ? ಆರು ತಿಂಗಳಲ್ಲಿ ನಾನು ಪಳಗಿದೆ. ಗುಂಪಿನಲ್ಲಿ ನನ್ನನ್ನು ಮೀರಿಸುವವರು ಒಬ್ಬರೇ, ಬಸಲಿಂಗಪ್ಪನವರು. ಉತ್ತರದ ಕಡೆಯವರು, ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಒಂದು ಆಟದಲ್ಲೂ ಅವರನ್ನು ಮತ ಹಾಕಿ ಹೊರಗೆ ಕಳಿಸಲು ಯಾರಿಂದಲೂ ಆಗಿರಲಿಲ್ಲ, ಅದೇ ಅವರ ದೊಡ್ಡ ಹೆಮ್ಮೆ.

ಆಟದ ಸುಳ್ಳು ಆಟದಲ್ಲಿ ಮುಗಿದಿದ್ದರೆ ನಾನು ಈ ಕತೆ ಹೇಳುತ್ತಿರಲಿಲ್ಲ. ಗುಂಪಿಗೆ ಸೇರಿದ ಎರಡನೇ ವಾರವೇ ಯಾರೋ ಸುಮ್ಮನೆ ಕೇಳಿದರು, ‘ವಾರಿಜಕ್ಕ, ಮನೇಲಿ ಯಾರ್ಯಾರಿದ್ದೀರಿ?’ ಅಂತ. ಆಟವಲ್ಲ, ಏನಲ್ಲ, ಊಟ ಆಯಿತಾ ಎಂದು ಕೇಳುವ ಹಾಗೆ ಕೇಳಿದ್ದು. ನಾನು ಬರೆದೆ: ‘ನಮ್ಮವರು, ನಾನು, ಮಗಳು ಇಂಚರ.’ ಆ ಹೆಸರು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಬರೆದು ಕಳಿಸಿ ನಗು ಬಂತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಹೇಳಲಿಲ್ಲ.

ಗಂಡನನ್ನು ನಾಲ್ಕು ತಿಂಗಳಿಗೇ ದೂರದ ಊರಿಗೆ ವರ್ಗ ಮಾಡಿಸಿಬಿಟ್ಟೆ, ಅವನ ವಿಷಯ ಬರೆಯಲು ನನಗೆ ಏನೂ ತೋಚುತ್ತಿರಲಿಲ್ಲ. ಇಂಚರ ಮಾತ್ರ ಬೆಳೆಯುತ್ತ ಹೋದಳು. ಜಡೆ ಹಾಕಿಸಿಕೊಳ್ಳಲು ಒಲ್ಲೆ ಎನ್ನುತ್ತಿದ್ದಳು. ಹಾಗಲಕಾಯಿ ಗೊಜ್ಜೆಂದರೆ ಪ್ರಾಣ ಬಿಡುತ್ತಿದ್ದಳು. ಒಂದು ಸಲ ಟೈಫಾಯಿಡ್ ಬರಿಸಿ ವಾಸಿಮಾಡಿದೆ. ಹತ್ತನೇ ತರಗತಿಯಲ್ಲಿ ಮೊದಲು ತೊಂಬತ್ತೈದು ಕೊಡೋಣ ಎಂದುಕೊಂಡೆ, ಆಮೇಲೆ ದುರಾಸೆ ಬೇಡವೆಂದು ಎಂಬತ್ತೆಂಟು ಬರೆದೆ. ಸುಳ್ಳಿನಲ್ಲೂ ಒಂದು ಹದ ಇರಬೇಕಲ್ಲ.

ಇಂಚರಳನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ವಿನುತಾ. ಇಪ್ಪತ್ತಾರರ ಹುಡುಗಿ, ಬಾಣಂತನ ಮಾಡಲು ತಾಯಿಯಿಲ್ಲ. ಗಂಡ ಒಳ್ಳೆಯವನು, ಆದರೆ ಮಗುವನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದ. ಕೂಸು ಹೊಟ್ಟೆ ಉಬ್ಬರಿಸಿಕೊಂಡು ಅಳುವಾಗ ವಿನುತಾ ನನಗೆ ಬರೆದಳು: ‘ಅಕ್ಕ, ಇಂಚರಂಗೆ ಹೀಗಾದಾಗ ನೀವೇನ್ ಮಾಡ್ತಿದ್ರಿ?’ ಚಪ್ಪಲಿ ಮೆಟ್ಟಿಕೊಂಡು ಬೀದಿಯ ಮೂರು ಮನೆಗೆ ಓಡಿದೆ, ಮಕ್ಕಳನ್ನು ಹೆತ್ತು ಸಾಕಿದ ಮೂವರು ಹೆಂಗಸರನ್ನು ಕೇಳಿಕೊಂಡು ಬಂದು ನನ್ನದೇ ಅನುಭವವೆಂಬಂತೆ ಬರೆದೆ. ಕೂಸು ಮಲಗಿತು. ಆಮೇಲೆ ಹಲ್ಲು, ಜ್ವರ, ಅಮ್ಮ ಎನ್ನದೆ ಮೊದಲು ಕಾಗೆ ಎಂದದ್ದು, ಎಲ್ಲಕ್ಕೂ ವಿನುತಾ ನನಗೇ ಬರೆಯುತ್ತಿದ್ದಳು. ನಾನು ಎಲ್ಲಕ್ಕೂ ಬೀದಿ ಸುತ್ತಿ ಉತ್ತರ ತರುತ್ತಿದ್ದೆ. ‘ನೀನೂ ನನ್ನ ಮಗಳ ಹಾಗೇ’ ಎಂದು ಒಮ್ಮೆ ಬರೆದೆ. ಇಂಚರಳ ಪರೀಕ್ಷೆ ಮುಗಿಯುವವರೆಗೆ ವಿನುತಾ ಸೋಮವಾರ ಒಪ್ಪೊತ್ತು ಮಾಡಿದಳು. ಇಲ್ಲದ ಹುಡುಗಿಗಾಗಿ ಹಸಿದು ಕೂತಳಲ್ಲ ಎಂದು ಆಗ ನನಗೆ ನಿಜವಾಗಿ ಸಂಕಟವಾಯಿತು. ನಿಜ ಹೇಳಿದರೆ ಅವಳು ಮತ್ತೆ ಬರೆಯುವುದಿಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಹೀಗೆ ಮೂರು ವರ್ಷ ಕಳೆಯಿತು. ನಮ್ಮೂರ ನೀರಿನ ವಿಷಯ ನಾನೇ ಬಾಯಿಬಡುಕಿಯಂತೆ ಗುಂಪಿನಲ್ಲಿ ಬರೆದುಕೊಂಡಿದ್ದೆ. ಇಮ್ತಿಯಾಜರಿಗೆ ಒಂದು ದಿನ ತಲೆಗೆ ಹೊಳೆಯಿತು, ‘ಅಲ್ಲೇ ಹೋಗಿ ಆಡೋಣ! ಇದಕ್ಕಿಂತ ಕಷ್ಟದ ಜಾಗ ಇನ್ನೆಲ್ಲಿದೆ?’ ಅಂತ. ಒಂಬತ್ತು ಜನ ಹೊರಟೇಬಿಟ್ಟರು. ಬರಬೇಡಿ ಎಂದು ಬರೆಯಲು ಕೂತು ಮೂರು ನೆಪ ಟೈಪು ಮಾಡಿ ಮೂರನ್ನೂ ಅಳಿಸಿದೆ. ವಿನುತಾ ಬರೆದಳು: ‘ಮಗೂನ ನಮ್ಮವರ ಹತ್ರ ಬಿಟ್ಟು ಬರ್ತಿದ್ದೀನಿ. ಇಂಚರನ್ನ ನೋಡದೆ ಮಾತ್ರ ವಾಪಸ್ ಹೋಗಲ್ಲ.’ ನಾನು ‘ನೋಡೋಣ’ ಎಂದು ಬರೆದೆ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಬಸಲಿಂಗಪ್ಪನವರು. ಹತ್ತು ತಾಸು ಬಸ್ಸಿನಲ್ಲಿ ಕೂತು ಬಂದಿದ್ದರು. ಬಿಳಿ ಮೀಸೆ, ಇಸ್ತ್ರಿ ಕೆಡದ ಅಂಗಿ. ಜಗುಲಿಯ ಮೇಲೆ ಕೂತು ಸುತ್ತ ನೋಡಿ ಮೆಲ್ಲಗೆ ಹೇಳಿದರು, ‘ಅಲ್ರೀ ವಾರಿಜಕ್ಕಾರ, ಬಸ್‌ಸ್ಟ್ಯಾಂಡಿನ ಹೋಟೆಲ್‌ದಾಗ ಚಾ ಕುಡೀಲಿಕ್ಕ ನಿಂತಿದ್ದೆ. ನಿಮ್ಮ ಮನಿ ಎಲ್ಲೈತಿ ಅಂತ ಕೇಳಿದೆ. ಮಗಳು ಇಂಚರ ಅಂತ ಅದಾಳಲ್ಲ, ಅವರ ಮನಿ ಅಂದೆ. ಆ ಹೋಟೆಲ್‌ನವಾ ನಕ್ಕಬಿಟ್ಟ. ಆಕಿಗೆ ಲಗ್ನನ ಆಗಿಲ್ಲ, ಮಗಳು ಎಲ್ಲಿಂದ ಬರ್ತಾಳ ಅಂದ.’

ನಮ್ಮೂರ ಹೋಟೆಲಿನವನಿಂದ ಇನ್ನೇನು ನಿರೀಕ್ಷಿಸುವುದು? ಪಕ್ಕದಲ್ಲೇ ಲೋಟ ತೊಳೆಯುವ ಬಕೆಟ್ಟು ಇರುತ್ತದೆ. ನಾನು ಬಾಗಿಲು ಹಿಡಿದು ನಿಂತೆ. ‘ಹೌದು, ಅವನು ಹೇಳಿದ್ದು ನಿಜ’ ಎಂದೆ.

ಬಸಲಿಂಗಪ್ಪನವರು ನನ್ನನ್ನು ಬಯ್ಯಲಿಲ್ಲ. ‘ನಮ್ಮನ್ನ ಭಾಳ ಚೊಲೊ ಆಟ ಆಡಿಸಿದ್ರಿ ಬಿಡ್ರಿ’ ಎಂದು ಮೀಸೆ ಸವರಿಕೊಂಡರು. ಆಮೇಲೆ ನಗು ನಿಲ್ಲಿಸಿ, ‘ಅಂಜಬ್ಯಾಡ್ರಿ. ನಾ ಯಾರಿಗೂ ಹೇಳಂಗಿಲ್ಲ. ಆದ್ರ ಆ ಹುಡುಗಿ ವಿನುತಾ ಭಾಳ ನಂಬ್ಯಾಳ್ರಿ ನಿಮ್ಮನ್ನ. ಆಕಿಗೆ ಬ್ಯಾರೆಯವರಿಂದ ತಿಳೀಬಾರದು’ ಎಂದರು.

ಉಳಿದವರು ಹತ್ತು ಗಂಟೆಗೆ ಬಂದರು. ವಿನುತಾ ಫೋಟೋದಲ್ಲಿ ಕಂಡದ್ದಕ್ಕಿಂತ ಚಿಕ್ಕವಳು. ಬಂದವಳೇ ನನ್ನನ್ನು ತಬ್ಬಿಕೊಂಡು ‘ಇಂಚರ ಎಲ್ಲಕ್ಕ?’ ಎಂದಳು. ನಮ್ಮೂರವರಿಗೆ ಸುಳ್ಳು ಬರುವುದಿಲ್ಲ, ಆದರೆ ನಿಜವನ್ನು ಬಳಸಿಕೊಂಡು ಸುತ್ತುದಾರಿ ಹಿಡಿಯುವುದು ನಮ್ಮಷ್ಟು ಯಾರಿಗೂ ಬರುವುದಿಲ್ಲ. ‘ಈಗ ಮನೇಲಿ ನಾನೊಬ್ಬಳೇ ಕಣಮ್ಮ’ ಎಂದೆ. ‘ಸಂಜೆಗೆ ಬರ್ತಾಳಾ?’ ‘ಈಗಿನ ಹುಡುಗೀರನ್ನ ಕೇಳಬೇಡ ನೀನು.’ ‘ಅವಳಿಗೆ ನಾನು ಬರೋದು ಗೊತ್ತು ತಾನೆ?’ ‘ನೀನು ಬರೋ ವಿಷಯ ಬಿಟ್ಟು ಬೇರೆ ಏನೂ ಮಾತಾಡಿಲ್ಲ ನಾನು ಈ ವಾರ.’ ಒಂದೊಂದೂ ಅಪ್ಪಟ ನಿಜ. ಹೇಳಿ ಹೇಳಿ ನನಗೇ ಅಸಹ್ಯವಾಯಿತು.

ಆಟಕ್ಕೆ ಇಮ್ತಿಯಾಜ್ ಹೊಸ ನಿಯಮ ಮಾಡಿಕೊಂಡು ಬಂದಿದ್ದರು. ನಾನು ಬೆಳಿಗ್ಗೆಯೇ ಮನೆಯ ನೀರಿಗೆಲ್ಲ ಮುಚ್ಚಳ ಹಾಕಿದ್ದೆ, ಹಾಗಾಗಿ ಸಾಧಾರಣ ಮಾತಿನಲ್ಲಿ ಯಾರು ಬೇಕಾದರೂ ಸುಳ್ಳು ಹೇಳಬಹುದು. ನಡುವೆ ತಟ್ಟೆ ಮುಚ್ಚಿದ ಒಂದು ಲೋಟ ನೀರು. ಒಂದು ಸುತ್ತಿಗೆ ಒಂದೇ ಸಲ, ಎಲ್ಲರೂ ಕೈಯೆತ್ತಿ ಒಪ್ಪಿದವರ ಮುಂದೆ ಮಾತ್ರ ಅದನ್ನು ತೆರೆಯುವುದು, ಅವರು ತಾವು ಬಾಡಿಗೆದಾರರು ಎಂದು ಹೇಳುವುದು. ರುಚಿ ನೋಡುವವಳು ವಿನುತಾ. ‘ವಾರಿಜಕ್ಕ ನೋಡೋ ಹಾಗಿಲ್ಲ, ಅವರ ನಾಲಿಗೆಗೆ ಆಟ ಒಂದೇ ಗುಟುಕಿಗೆ ಮುಗಿದುಹೋಗುತ್ತೆ’ ಎಂದು ಇಮ್ತಿಯಾಜ್ ಹೇಳಿದಾಗ ಎಲ್ಲರೂ ನಕ್ಕರು. ಚೀಟಿ ಹಂಚಿದರು. ಇಬ್ಬರು ಸೋಗಿನವರು. ನನ್ನ ಚೀಟಿ ಬಿಡಿಸಿದೆ, ಸೋಗು!

ಬರೆಯುವಾಗ ಹುಲಿಯಾಗಿದ್ದವಳು ಬಾಯಿ ಬಿಟ್ಟರೆ ತೊದಲುತ್ತಿದ್ದೆ. ಐವತ್ತೊಂದು ವರ್ಷ ಅಭ್ಯಾಸವಿಲ್ಲದ ಬಾಯಿ ಅದು. ಸುಮ್ಮನೆ ಕೂತು, ಬಾಳೆಕಾಯಿ ಚಿಪ್ಸು ಹಂಚುತ್ತ, ಕೈಯೆತ್ತುವಾಗ ಮಾತ್ರ ಕೈಯೆತ್ತಿದೆ. ಮೊದಲ ಸುತ್ತಿನಲ್ಲಿ ಲೋಟದ ಮುಂದೆ ಕೂತವರು ನಿಜವಾದ ಬಾಡಿಗೆದಾರರೇ. ನೀರು ಚೆನ್ನಾಗಿತ್ತು, ಆದರೆ ವಿನುತಾ ಮುಖ ಕಿವಿಚಿದಳು, ಪಾಪ ಅವರನ್ನು ಹೊರಗೆ ಕಳಿಸಿದರು. ಊರಿನ ನೀರೇ ಸ್ವಲ್ಪ ಗಡಸು, ಹೊರಗಿನವರಿಗೆ ಉಪ್ಪೆನಿಸುತ್ತದೆ. ನನಗೆ ಅದು ಗೊತ್ತಿತ್ತು, ಸೋಗಿನವಳಾದ್ದರಿಂದ ಸುಮ್ಮನಿದ್ದೆ. ಎರಡನೇ ಸುತ್ತಿನಲ್ಲಿ ನನ್ನ ಜೊತೆಗಾರ ಸಿಕ್ಕಿಬಿದ್ದ. ಒಂದು ಗುಟುಕಿಗೇ ವಿನುತಾ ಥೂ ಎಂದು ಅಂಗಳಕ್ಕೆ ಓಡಿ ಉಗಿದುಬಂದಳು. ‘ಓ, ಉಪ್ಪು ಅಂದ್ರೆ ಇದು! ಆಗಿಂದು ಉಪ್ಪೇ ಅಲ್ಲ!’

ಮೂರನೇ ಸುತ್ತಿಗೆ ಐದು ಜನ ಉಳಿದೆವು. ಬಸಲಿಂಗಪ್ಪನವರು, ವಿನುತಾ, ಇನ್ನಿಬ್ಬರು, ನಾನು. ಉಳಿದಿದ್ದ ಸೋಗು ನಾನೊಬ್ಬಳೇ. ವಿನುತಾ ನನ್ನನ್ನೇ ನೋಡುತ್ತಿದ್ದಳು. ‘ಅಕ್ಕ ಬೆಳಿಗ್ಗೆಯಿಂದ ನೆಟ್ಟಗೆ ಒಂದು ಮಾತಾಡಿಲ್ಲ ನೋಡಿ. ಲೋಟ ಅವರ ಮುಂದೆ ಇಡಿ’ ಎಂದಳು. ಎಲ್ಲರೂ ಕೈಯೆತ್ತಿದರು. ಅದಕ್ಕೆ ನಾನು ಹೆದರಲಿಲ್ಲ. ಆಟದಲ್ಲಿ ಸಿಕ್ಕಿಬೀಳುವುದು ಯಾವ ದೊಡ್ಡ ವಿಷಯ? ಸೋತು, ನಕ್ಕು, ಊಟಕ್ಕೆ ಬಡಿಸಿದರಾಯಿತು. ಆದರೆ ತಟ್ಟೆ ತೆಗೆಯುತ್ತ ವಿನುತಾ ಹೇಳಿದಳು, ‘ಒಂದ್ನಿಮಿಷ. ಮೊದಲನೇ ಸಲದ ಹಾಗೆ ತಪ್ಪು ಆಗೋದು ಬೇಡ. ಮೊದಲು ಒಂದು ನಿಜ ಹೇಳಿಸಿ ರುಚಿ ನೋಡ್ತೀನಿ, ಆಮೇಲೆ ಆಟದ ಮಾತು ಹೇಳಿಸಿ ನೋಡ್ತೀನಿ. ವ್ಯತ್ಯಾಸ ಗೊತ್ತಾಗುತ್ತೆ.’ ಇಮ್ತಿಯಾಜ್ ಶಹಬ್ಬಾಸ್ ಎಂದರು. ನೋಂದಣಿ ಕಚೇರಿಯಲ್ಲಿ ನಾವೂ ಹಾಗೇ ಮಾಡುತ್ತೇವೆ. ಹುಡುಗಿ ಜಾಣೆ. ವಿನುತಾ ಲೋಟವನ್ನು ನನ್ನ ಕಡೆ ತಳ್ಳಿ ನಗುತ್ತ ಹೇಳಿದಳು, ‘ಹೇಳಿ ಅಕ್ಕ. ನನ್ನ ಮಗಳ ಹೆಸರು ಇಂಚರ ಅನ್ನಿ.’

ನೀರು ತೆರೆದು ಕೂತಿತ್ತು. ಸುತ್ತುದಾರಿ ಹುಡುಕಿದೆ, ಒಂದೂ ಸಿಗಲಿಲ್ಲ. ‘ಬೇರೆ ಏನಾದ್ರೂ ಹೇಳಲಾ?’ ಎಂದೆ. ‘ಬೇಡ, ಇದೇ ಹೇಳಿ, ಇದಕ್ಕಿಂತ ನಿಜ ಇನ್ನೇನಿದೆ?’ ಎಂದಳು ವಿನುತಾ. ಎಲ್ಲರೂ ಕಾಯುತ್ತಿದ್ದರು. ವಿನುತಾಳ ನಗು ಸ್ವಲ್ಪ ಸ್ವಲ್ಪವೇ ಇಳಿಯತೊಡಗಿತು.

ಆಗ ಬಸಲಿಂಗಪ್ಪನವರು ಲೋಟದ ಮೇಲೆ ಬಗ್ಗಿ ದೊಡ್ಡ ದನಿಯಲ್ಲಿ ಹೇಳಿದರು, ‘ಏನ್ ಕೇಳ್ತೀರಿ ಬಿಡ್ರಿ ಆಕಿನ್ನ! ಇಂಚರನ್ನ ಮುಂಜಾನೆ ನಾನ ಬಸ್ ಹತ್ತಿಸಿ ಬಂದೀನಿ. ಗೆಳತಿ ಮನಿಗೆ ಹೋದ್ಲು. ಚೊಲೊ ಹುಡುಗಿ.’

ವಿನುತಾ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಆಮೇಲೆ ಕೂಗಿದಳು, ‘ಉಪ್ಪು! ಸಿಕ್ಕಿಬಿದ್ರು! ಬಸಲಿಂಗಪ್ಪನವರೇ ಸೋಗು!’ ಗದ್ದಲವೋ ಗದ್ದಲ. ಮೂರು ವರ್ಷದಿಂದ ಯಾರಿಗೂ ಸಿಗದ ಬಸಲಿಂಗಪ್ಪನವರು ಸಿಕ್ಕಿಬಿದ್ದಿದ್ದಾರೆ. ಇಮ್ತಿಯಾಜ್ ತಮ್ಮ ಕುರ್ಚಿಯ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ‘ಮತ ಹಾಕಿ!’ ಎಂದರು. ವಿನುತಾ, ಇನ್ನಿಬ್ಬರು, ಮೂರು ಕೈ ಎದ್ದವು. ನಾನು ಕೈಯೆತ್ತಲಿಲ್ಲ. ಎಂಥ ಆಟದಲ್ಲೂ ಕೊನೆಯವರೆಗೆ ವಾದ ಮಾಡುತ್ತಿದ್ದ ಬಸಲಿಂಗಪ್ಪನವರು ಎದ್ದು ಅಂಗಿ ಸರಿಮಾಡಿಕೊಂಡು, ಜೇಬಿನಿಂದ ಚೀಟಿ ತೆಗೆದು ಇಮ್ತಿಯಾಜರ ಕೈಗೆ ಕೊಟ್ಟು ಗೋಡೆ ಪಕ್ಕ ಹೋಗಿ ಕೂತರು.

ಇಮ್ತಿಯಾಜ್ ಚೀಟಿ ಬಿಡಿಸಿ ಓದಿದರು. ‘ಬಾಡಿಗೆದಾರ.’

ಯಾರಿಗೂ ಅರ್ಥವಾಗಲಿಲ್ಲ. ‘ಮತ್ತೆ ಉಪ್ಪು ಯಾಕಾಯ್ತು?’ ಎಂದು ಇಮ್ತಿಯಾಜ್ ಚೀಟಿ ತಿರುಗಿಸಿ ನೋಡಿದರು. ‘ಬಸಲಿಂಗಪ್ಪನವರೇ, ನೀವು ಬಾಡಿಗೆದಾರ ಅಂತ ಹೇಳೋ ಮುಂಚೆನೇ ನೀರು ಉಪ್ಪಾಯ್ತಲ್ಲ. ನೀವು ಹೇಳಿದ್ದೇನು?’ ಬಸಲಿಂಗಪ್ಪನವರು ಕಿಟಕಿಯ ಆಚೆ ನೋಡುತ್ತಿದ್ದರು. ವಿನುತಾ ಲೋಟ ಹಿಡಿದುಕೊಂಡೇ ನಿಂತಿದ್ದಳು. ಅವಳು ನಿಧಾನವಾಗಿ, ಲೆಕ್ಕ ಬಿಡಿಸುವ ಹಾಗೆ ಹೇಳಿದಳು, ‘ಇಂಚರನ್ನ ಬಸ್ ಹತ್ತಿಸಿದೆ ಅಂದ್ರು.’ ಆಮೇಲೆ ನನ್ನ ಕಡೆ ತಿರುಗಿದಳು. ‘ಅಕ್ಕ?’

ಬಸಲಿಂಗಪ್ಪನವರು ಬಾಯಿ ತೆರೆದರು. ಇನ್ನೊಂದು ಸುಳ್ಳು ಹೇಳಲು ಹೊರಟಿದ್ದರೆಂದು ನನಗೆ ಗೊತ್ತಾಯಿತು. ಒಬ್ಬ ಮನುಷ್ಯ ನನ್ನ ಸಲುವಾಗಿ ಒಂದೇ ದಿನ ಎಷ್ಟು ಸೋಲಬೇಕು? ಬೇಡ ಎಂದು ಕೈಮಾಡಿದೆ. ‘ಇಂಚರ ಇಲ್ಲ’ ಎಂದೆ. ‘ಇಲ್ಲ ಅಂದ್ರೆ ಹುಟ್ಟೇ ಇಲ್ಲ. ಗಂಡನೂ ಇಲ್ಲ. ನನಗೆ ಮದುವೆಯಾಗಿಲ್ಲ. ಸುಮ್ಮನೆ ಬರೆದೆ, ಆಮೇಲೆ ನಿಲ್ಲಿಸೋಕೆ ಆಗಲಿಲ್ಲ. ಆಟದಲ್ಲೂ ಸೋಗು ನಾನೇ.’ ಚೀಟಿ ತೆಗೆದು ನೆಲದ ಮೇಲಿಟ್ಟೆ. ಅದನ್ನು ಯಾರೂ ನೋಡಲಿಲ್ಲ.

‘ಅವಳಿಗೆ ಟೈಫಾಯಿಡ್ ಬಂದಿತ್ತಲ್ಲ’ ಎಂದಳು ವಿನುತಾ.

‘ಬಂದಿರಲಿಲ್ಲ.’

‘ನಾನು ಅತ್ತಿದ್ದೆ. ನಮ್ಮವರು ಬೈದ್ರು, ಕಂಡಿಲ್ಲ ಕೇಳಿಲ್ಲ ಯಾರ ಮಗಳಿಗೋ ಅಳ್ತೀಯಲ್ಲ ಅಂತ. ಹಾಲು ಕುಡಿಸೋ ಬಾಣಂತಿ ನಾನು, ಸೋಮವಾರ ಒಪ್ಪೊತ್ತು ಮಾಡ್ದೆ.’ ಅವಳ ದನಿ ಏರಿತು. ‘ನನ್ನ ಮಗೂಗೆ ನೀವು ಹೇಳಿದ ಔಷಧಿ ಎಲ್ಲ? ನಿಮಗೆ ಗೊತ್ತಿಲ್ಲದೇ ಹೇಳಿದ್ರಾ? ಹೆಚ್ಚುಕಮ್ಮಿ ಆಗಿದ್ರೆ?’

‘ಬೀದಿಯವರನ್ನ ಕೇಳಿ ಬರೆದೆ. ಪ್ರತಿಯೊಂದಕ್ಕೂ ಮೂರು ಮನೆಯಲ್ಲಿ ಕೇಳ್ತಿದ್ದೆ. ಮೂವರೂ ಒಂದೇ ಹೇಳಿದ್ರೆ ಮಾತ್ರ ಬರೀತಿದ್ದೆ.’

ವಿನುತಾ ಲೋಟ ಕೆಳಗಿಟ್ಟು ಹೊರಗೆ ಹೋದಳು. ಜಗುಲಿಯಲ್ಲಿ ಚಪ್ಪಲಿ ಮೆಟ್ಟಿದ ಸದ್ದು ಕೇಳಿಸಿತು. ನಾನು ತಲೆ ಎತ್ತಲಿಲ್ಲ. ಹೋದಳು ಎಂದುಕೊಂಡೆ, ಮುಗಿಯಿತು ಎಂದುಕೊಂಡೆ. ಇನ್ನು ಮಗುವಿನ ಸುದ್ದಿ ಬರುವುದಿಲ್ಲ, ಶಾಲೆಗೆ ಸೇರಿಸಿದ್ದು ತಿಳಿಯುವುದಿಲ್ಲ, ಸಂಜೆ ಮನೆಗೆ ಬಂದರೆ ಮೊಬೈಲು ಸುಮ್ಮನೆ ಕೂತಿರುತ್ತದೆ. ನನಗೆ ನನ್ನ ಮೇಲೇ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಚಪ್ಪಲಿ ಬಿಟ್ಟ ಸದ್ದು ಕೇಳಿಸಿತು. ವಿನುತಾ ಲೋಟ ಎತ್ತಿಕೊಂಡು ನನ್ನನ್ನು ದಾಟಿ ಸೀದಾ ಅಡುಗೆಮನೆಗೆ ಹೋದಳು. ಉಪ್ಪಾಗಿದ್ದ ನೀರನ್ನು ಬಚ್ಚಲಿಗೆ ಚೆಲ್ಲಿ, ಲೋಟ ತೊಳೆದು, ಮುಚ್ಚಿಟ್ಟ ಬಿಂದಿಗೆಯಿಂದ ಹೊಸ ನೀರು ತುಂಬಿಕೊಂಡು ಬಂದಳು. ಒಂದು ಗುಟುಕು ತಾನೇ ಕುಡಿದು ನೋಡಿದಳು. ಲೋಟವನ್ನು ನನ್ನ ಮುಂದೆ ಇಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ಕಣ್ಣು ಕೆಂಪಾಗಿತ್ತು. ‘ನೀನೂ ನನ್ನ ಮಗಳ ಹಾಗೇ ಅಂತ ಬರೆದಿದ್ರಿ. ಅದನ್ನ ಈಗ ಬಾಯಲ್ಲಿ ಹೇಳಿ’ ಎಂದಳು.

ನಿಜವಾಗಿ ಹೇಳುತ್ತೇನೆ, ನೀರು ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಎಷ್ಟೊಂದು ಬರೆದಿದ್ದೆ. ಕೆಲವನ್ನು ಬರೆಯುವಾಗ ಸುಳ್ಳು ಬರೆಯುವ ಖುಷಿಯೇ ಇತ್ತು, ಕೆಲವನ್ನು ಬರೆಯುವಾಗ ಕಣ್ಣೊರೆಸಿಕೊಂಡಿದ್ದೆ, ಯಾವುದು ಯಾವುದೆಂದು ಆಮೇಲೆ ನಾನೇ ಬೇರೆ ಮಾಡಿ ಇಟ್ಟಿರಲಿಲ್ಲ. ಊರಿನವರ ಮಾತನ್ನೆಲ್ಲ ಚಿಟಿಕೆ, ಹಿಡಿ ಎಂದು ಅಳೆದವಳು ನನ್ನ ಮಾತಿಗೆ ಒಮ್ಮೆಯೂ ಲೋಟ ಇಟ್ಟುಕೊಂಡಿರಲಿಲ್ಲ. ಮಗಳೆಂದರೆ ಹೇಗಿರುತ್ತದೆಂದೇ ತಿಳಿಯದವಳು ಮಗಳ ಹಾಗೆ ಎಂದು ಹೇಗೆ ಹೇಳುವುದು? ಉಪ್ಪಾದರೆ ವಿನುತಾಳಿಗೆ ಮಾತ್ರವಲ್ಲ, ನನಗೂ ಇವತ್ತೇ ತಿಳಿಯುತ್ತದೆ. ಎದ್ದು ಹೋಗಿಬಿಡೋಣ ಎನಿಸಿತು. ವಿನುತಾ ಕದಲದೆ ಕೂತಿದ್ದಳು.

‘ವಿನುತಾ, ನೀನು ನನ್ನ ಮಗಳ ಹಾಗೇನೇ’ ಎಂದೆ. ದನಿ ಸರಿಯಾಗಿ ಹೊರಡಲಿಲ್ಲ, ಮತ್ತೊಮ್ಮೆ ಹೇಳಿದೆ.

ನಾನು ಕೈಚಾಚುವ ಮೊದಲು ಅವಳು ಲೋಟ ಎತ್ತಿಕೊಂಡಳು. ಅರ್ಧ ಕುಡಿದಳು. ಇಪ್ಪತ್ತಾರು ವರ್ಷದಿಂದ ಜನ ನನ್ನ ಮುಖ ನೋಡಿಕೊಂಡು ಕಾಯುತ್ತಾರೆ. ಕಾಯುವುದು ಎಷ್ಟು ಕಷ್ಟವೆಂದು ನನಗೆ ಅವತ್ತು ತಿಳಿಯಿತು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಉಳಿದ ಅರ್ಧವನ್ನು ನನ್ನ ಕೈಗೆ ಕೊಟ್ಟಳು. ನಾನು ಕುಡಿದೆ. ನಾಲಿಗೆಯ ಮೇಲೆ ಇಟ್ಟುಕೊಂಡೆ, ಹೊರಳಿಸಿದೆ, ನುಂಗಿದೆ, ತಳದಲ್ಲಿ ಉಳಿದಿದ್ದನ್ನೂ ಕುಡಿದೆ. ನೀರು ನೀರಿನ ಹಾಗೇ ಇತ್ತು. ನಾನು ಎಲ್ಲರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ.

ವಿನುತಾ ನನ್ನ ಕೈಯಿಂದ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ‘ಇನ್ಮೇಲೆ ನನಗೆ ಏನೂ ಬರೆದು ಕಳಿಸಬೇಡಿ’ ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಫೋನ್ ಮಾಡಿ.’